ಲಗೇಜು ಟಿಕೆಟ್

ಹನ್ನೊಂದು ವರ್ಷ ಕೂಗಿದ್ದೇನೆ ಈ ಹೆಸರನ್ನು:
'ಮ್ಯೂಸಿಯಂ, ಮ್ಯೂಸಿಯಂ, ಯಾರ್ರೀ ಇಳಿಯೋರು,
ಬಾಗಿಲಿಗೆ ಬನ್ನಿ ಬೇಗ!'
ದೊಮ್ಮಲೂರಿನ ಜಾಮಿನಲ್ಲೇ ಒಣಗಿದ ಗಂಟಲು
ಮುರುಗೇಶ್‌ಪಾಳ್ಯ ದಾಟಿ ಇಲ್ಲಿಗೆ ಬರುವಾಗ
ಬರೀ ಸದ್ದು.
ಕಾಂಪೌಂಡಿನಾಚೆ ಯಾವುದೋ ವಿಮಾನದ ಬಾಲ, ಒಂದಿಷ್ಟು ಹಸಿರು.
ಸೀಟಿ ಊದುವಷ್ಟರಲ್ಲಿ ಅದೂ ಹಿಂದೆ.

ಇವತ್ತು ನನಗೆ ವಾರದ ರಜೆ, ಯತೀಶನಿಗೆ ದಸರೆಯ ರಜೆ.
ಖಾಕಿ ಹಗ್ಗದ ಮೇಲಿದೆ, ತೋಳು ಚಾಚಿ.
ಬಸ್ಸಿನಲ್ಲಿ ಮುನಿಲಕ್ಷ್ಮಿಯ ಡ್ಯೂಟಿ.
ಕಂಬಿ ಹಿಡಿದು ನಿಂತವಳಿಗೆ ಏನೋ ನಾಚಿಕೆ,
ಕೈಗೆ ಕೆಲಸವಿಲ್ಲ.
'ಎಲ್ಲಿಗಮ್ಮಾ?' ಅಂದಳು, ಥೇಟ್ ನನ್ನದೇ ದನಿಯಲ್ಲಿ,
ಕೊಟ್ಟಳು ಸೊನ್ನೆ ರೂಪಾಯಿಯ ಚೀಟಿ.
ಲಕ್ಷಗಟ್ಟಲೆ ಕೊಟ್ಟಿದ್ದೇನೆ ನಾನು.
ತಗೊಂಡದ್ದು ಇದೇ ಮೊದಲು.
ಹುಡುಗನಿಗೆ ಅರ್ಧ ಟಿಕೆಟ್ಟು. 'ಗಂಡಸಲ್ವಾ, ಕೊಡಲಿ ದುಡ್ಡು!'

ಒಳಗೆ, ಹುಲ್ಲಿನ ಮೇಲೆ ವಿಮಾನಗಳು,
ಡಿಪೋದ ಮೂಲೆಯಲ್ಲಿ ಸ್ಕ್ರ್ಯಾಪಿಗೆ ನಿಂತ ಗಾಡಿಗಳ ಹಾಗೆ,
ಆದರೆ ತೊಳೆದು, ಬಣ್ಣ ಬಳಿದು, ಹೆಸರು ಬರೆದು.
ನಮ್ಮ ಹಳೇ ಬಸ್ಸುಗಳಿಗೆ ಯಾರೂ ತೋಟ ಮಾಡಿ ಕೊಡಲಿಲ್ಲ.
'ಇದಕ್ಕೆ ಸೀಟಿ ಯಾರು ಊದ್ತಿದ್ರಮ್ಮಾ?
ಮಧ್ಯೆ ಯಾರಾದ್ರೂ ಇಳೀತೀನಿ ಅಂದ್ರೆ?'
'ಇದರಲ್ಲಿ ಒಬ್ಬನೇ ಕೂರೋದು ಕಣೋ.'
'ಒಬ್ಬನಿಗೇ ಇಷ್ಟು ದೊಡ್ಡದಾ?'
ತೊಂಬತ್ತು ಜನ ಒಬ್ಬರ ಕಾಲ ಮೇಲೊಬ್ಬರು ನಿಲ್ಲುವ ನನ್ನ ಬಸ್ಸಿನ
ಮಗ ಅವನು, ನಂಬಲಿಲ್ಲ.
ಎಂಜಿನ್ನಿನ ಬಾಯೊಳಕ್ಕೆ ಎರಡು ಗೊರವಂಕ,
ಹುಲ್ಲುಕಡ್ಡಿ ಕಚ್ಚಿಕೊಂಡು,
ಟಿಕೆಟ್ಟಿಲ್ಲದೆ.

'ಕಂಡಕ್ಟರಮ್ಮ ಅಲ್ವಾ? ಏಳೂ ನಲವತ್ತರ ಗಾಡಿ?'
ನೀರಿನ ಪೈಪು ಹಿಡಿದವಳು, ಸೀರೆಯ ಮೇಲೆ ಗಂಡಸರ ಶರ್ಟು.
ಮುಖ ಗೊತ್ತು: ಮೂರನೇ ಸೀಟು, ಬಾಯಿ ಬಿಡದ ಹೆಂಗಸು.
ಹೆಸರು ಕೇಳಿದ್ದು ಇವತ್ತು. ಅಂಜಲೈ.
ಮಣಿಕಟ್ಟು ಹಿಡಿದೇ ಎಳೆದುಕೊಂಡು ಹೋದಳು
ರೆಕ್ಕೆಯ ನೆರಳು ಮುಗಿಯುವ ಕಡೆಗೆ.
'ಗುರುತು ಸಿಕ್ತಾ?'
ಸೊಂಟದೆತ್ತರದ ಗುಲಾಬಿ ಗಿಡ.
ಹೂವು ಕೆಂಪೂ ಅಲ್ಲ, ಹಳೇ ಇಟ್ಟಿಗೆಯ ಬಣ್ಣ.
'ಲಗೇಜು ಹಾಕಿದ್ರಲ್ಲಾ, ಇದಕ್ಕೇ.
ಮಣ್ಣು ಚೆಲ್ತು ಅಂತ ಬೈದ್ರಿ ಕೂಡ.'

ನೆನಪಾಯಿತು. ಆಗಿನ್ನೂ ಹೆಂಗಸರಿಗೂ ದುಡ್ಡಿನ ಟಿಕೆಟ್ಟು.
ಗೋಣಿತಾಟಿನಲ್ಲಿ ಸುತ್ತಿದ ಒಂದು ಕಡ್ಡಿ,
ಅದಕ್ಕೊಂದೇ ಎಲೆ,
ಮುಳ್ಳು ತಾಗಿ ಯಾರದೋ ಪ್ಯಾಂಟು, ಯಾರದೋ ಜಗಳ,
ಮುಂದಿನ ಸ್ಟಾಪಿನಲ್ಲಿ ಚೆಕಿಂಗಿನವರು ಇದ್ದಾರೆಂಬ ಸುದ್ದಿ.
ಚೀಟಿಯ ಬೆನ್ನಿಗೆ ಗೀಚಿದ್ದೆ: ಬಾಕಿ ನಾಲ್ಕು.
ಇಳಿಯುವಾಗ ಅವಳು ಕೇಳಲಿಲ್ಲ,
ಎರಡೂ ಕೈಯಲ್ಲಿ ಗಿಡವಿತ್ತು.
ನಾನು ಕೊಡಲಿಲ್ಲ,
ಬಾಯಲ್ಲಿ ಸೀಟಿಯಿತ್ತು.

ಪರ್ಸು ತೆಗೆದೆ. 'ಯಾವ ನಾಲ್ಕು?' ಅಂತ ನಕ್ಕಳು,
ಪೈಪನ್ನು ಹುಡುಗನ ಕೈಗೆ ಕೊಟ್ಟಳು.
ಅವನು ಗುಲಾಬಿಗೆ ಹಾಕಿದ, ವಿಮಾನದ ಟೈರಿಗೆ ಹಾಕಿದ,
ನನ್ನ ಹೊಸ ಚಪ್ಪಲಿಗೂ.
'ಸೂಪರ್‌ವೈಸರು ಊಟಕ್ಕೆ ಹೋದ್ರು, ಬೇಗ ತಿನ್ನಿ.'
ಚಿತ್ರಾನ್ನದ ಡಬ್ಬಿ ಬಿಚ್ಚಿದೆವು ಮೂವರೂ, ಹೆದರಿಕೊಂಡೇ.
ಗೋಡೆಯಾಚೆಯಿಂದ ನಿಜವಾದದ್ದೊಂದು ಎದ್ದಿತು,
ತೋಟದ ಮೇಲೆ ಸದ್ದು ಉರುಳಿಸಿಕೊಂಡು.
ಬಂದವರೆಲ್ಲ ಕತ್ತೆತ್ತಿದರು, ಯತೀಶ ಕೈ ಬೀಸಿದ.
ಅಂಜಲೈ ನೋಡಲಿಲ್ಲ.
ಕಡಲೆಬೀಜ ಆರಿಸಿ ಆರಿಸಿ
ಅವನ ಕಡೆಗೆ ತಳ್ಳುತ್ತಿದ್ದಳು.

ಮಾರನೆಯ ಬೆಳಿಗ್ಗೆ, ಏಳೂ ನಲವತ್ತು, ಮೂರನೇ ಸೀಟು.
ಸೊನ್ನೆಯ ಚೀಟಿ ಕೊಡಬೇಕು, ಅಷ್ಟೇ.
ಪೆನ್ನು ತಾನಾಗಿ ತಿರುವಿತು ಅದನ್ನು,
ಬೆನ್ನಿಗೆ ಬರೆಯಿತು: ಬಾಕಿ ೪.
ಅವಳು ಓದಲಿಲ್ಲ.
ಸುರುಳಿ ಸುತ್ತಿ
ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು.