ಎಲ್ಲಿಯ ತನಕ ಬಂತು ಗಾಳಿ

ಗೋಡೆಯ ಮೇಲೆ ನನ್ನ ಪದವಿ ಮೂರು, ಚೌಕಟ್ಟಿನೊಳಗೆ.
ಲಾಂಗ್ ಬೀಚಿನ ಬಿಸಿಲಿಗೆ ಒಂದರ ಮುದ್ರೆ ಮಾಸಿದೆ.
ಫಲ್ಲಿ ಅಜ್ಜಿ ಅತ್ತ ನೋಡುವುದೇ ಇಲ್ಲ.
ನಸುಕಿನ ಎರಡಕ್ಕೆದ್ದು ಡೋನಟ್ ಕರಿದ ಕೈ,
ಬೆರಳ ಸಂದಿಯಲ್ಲಿನ್ನೂ ಸಕ್ಕರೆ ಪುಡಿ;
ಗುಲಾಬಿ ಬಣ್ಣದ ಡಬ್ಬಿಯನ್ನು ನನ್ನತ್ತ ತಳ್ಳಿ ಕೂರುತ್ತಾಳೆ.

ಕಾಣಿಕೆ ಮುಟ್ಟಬಾರದು ಅಂದಿದ್ದರು ತರಬೇತಿಯಲ್ಲಿ.
ಒಂದು ತಿನ್ನುತ್ತೇನೆ. ಆಮೇಲೆ ಮಾತು.

ಸೊನ್ನೆಯಿಂದ ಹತ್ತರೊಳಗೆ ನಿಮ್ಮ ದುಃಖ ಎಷ್ಟು?
ಆ ಹಾಳೆಯನ್ನು ಮಗುಚಿಟ್ಟು ಖ್ಮೇರಿನಲ್ಲಿ ಕೇಳುತ್ತೇನೆ:
ಅಜ್ಜೀ, ಇವತ್ತು ಎಲ್ಲಿಯ ತನಕ ಬಂತು ಗಾಳಿ?
ಮೊಣಕಾಲು ಮುಟ್ಟುತ್ತಾಳೆ. ಹೊಟ್ಟೆ. ಎದೆ.
ಕೈ ಅಲ್ಲೇ ನಿಲ್ಲುತ್ತದೆ.
'ಎಣ್ಣೆ ಚುರ್ ಅಂದಾಗ
ತಮ್ಮ ಕರೆದ ಹಾಗಾಯಿತು.'
ಯಾವ ಗದ್ದೆ, ಯಾವ ವರ್ಷ, ನಾನು ಕೇಳುವುದಿಲ್ಲ.
ನಾಣ್ಯದಿಂದ ಗೀರಿದ ಕೆಂಪು ಬರೆಗಳು
ಅಂಗಿಯ ಕತ್ತಿನಂಚಿನಲ್ಲಿ ಇಣುಕುತ್ತಿವೆ.
ಯಾರು ಗೀರಿದ್ದು? 'ಸೊಸೆ.'
ಬರೆದುಕೊಳ್ಳುತ್ತೇನೆ: ಮನೆಯಲ್ಲಿ ಮುಟ್ಟುವವರಿದ್ದಾರೆ.
ವಿಮೆಯವರು ಕೇಳುವ ರೋಗದ ನಂಬರು
ಸಂಜೆ ಹಾಕಿದರಾಯಿತು.

ಚೌಕಟ್ಟು ಹಾಕಿಸದ ವಿದ್ಯೆ ಒಂದಿದೆ.
ಒಂಬತ್ತರ ವಯಸ್ಸು, ಕೌಂಟಿ ಆಸ್ಪತ್ರೆ,
ಅಮ್ಮನಿಗೂ ಡಾಕ್ಟರಿಗೂ ನಡುವೆ ನಾನೇ ನಾಲಿಗೆ.
ಗಾಳಿ ಕತ್ತಿಗೆ ಬಂತು, ಇನ್ನು ಉಳಿಯಲಾರೆ, ಅಂದಳು ಅಮ್ಮ.
ನಾನು ಹೇಳಿದೆ: ಕತ್ತು ನೋವಂತೆ.

ಮುಲಾಮು ಕೊಟ್ಟರು.
ಅಮ್ಮ ಹಚ್ಚಿಕೊಂಡಳು, ಡಬ್ಬಿ ಮುಗಿಯುವ ತನಕ,
ಮಗಳು ಕೇಳಿ ತಂದ ಮದ್ದೆಂದು.