ಇರುಳುಗಣ್ಣು

ಮೂವತ್ತೊಂದು ವರ್ಷದಿಂದ ಒಂದೇ ಮಾತು ಹೇಳಿಕೊಂಡು ಬಂದೆ,
ಹುಸ್ತಾಯಿ ಗುಡ್ಡದ ಬುಡದಲ್ಲಿ ಜೀಪಿಳಿದು
ದುರ್ಬೀನು ಒರೆಸಿಕೊಳ್ಳುವ ಪರದೇಶದವರಿಗೆ:
ನೋಡಿ, ತಖಿ.
ಇದರ ಬೆನ್ನ ಮೇಲೆ ಈ ಭೂಮಿಯ ಯಾವ ಕುಂಡೆಯೂ ಕೂತಿಲ್ಲ.
ಅವರು ನಗುತ್ತಿದ್ದರು. ಫೋಟೋ ಹಿಡಿಯುತ್ತಿದ್ದರು.
ನಾನು ನಗುತ್ತಿರಲಿಲ್ಲ.

ಮೃಗಾಲಯದ ಬೋನುಗಳಲ್ಲಿ ಉಳಿದ ಹತ್ತು ಹನ್ನೆರಡು ಜೀವದಿಂದ ಹೆಚ್ಚಿ,
ಹಲಗೆಪೆಟ್ಟಿಗೆಯಲ್ಲಿ ವಿಮಾನವೇರಿ ಬಂದವು.
ಅಗುಳಿ ತೆಗೆದ ಕೈಗಳಲ್ಲಿ ನನ್ನದೂ ಒಂದು.
ಹುಲ್ಲಿಗೆ ಕಾಲಿಟ್ಟ ಗಂಡು ಹಿಂತಿರುಗಿ ನೋಡಲಿಲ್ಲ.
ಇದಕ್ಕೇ ಅನ್ನೋದು ಕಾಡು, ಅಂದುಕೊಂಡೆ.

ಬೇಲಿಗಂಟಿದ ಕೂದಲು, ಬಿಸಿಯಾರದ ಲದ್ದಿ,
ತೋಳ ತಿಂದುಳಿಸಿದ ಮರಿಯ ಕಿವಿತುದಿ,
ಚೀಲ ಕಟ್ಟಿ, ದಿನಾಂಕ ಬರೆದು ಕಳಿಸುವುದು ನನ್ನ ಕೆಲಸ.
ಚೀಲ ಎಲ್ಲಿಗೆ ಹೋಗುತ್ತದೆ, ಕೇಳಿದವನಲ್ಲ.

ಈ ಸಲ ಹಿಮ ಕರಗುವ ಹೊತ್ತಿಗೆ ಇಚಿನ್‌ಹೊರ್ಲೂ ಬಂದಳು,
ಪಶುವೈದ್ಯ ಗೊಂಬೊಸುರೆನನ ಕಿರಿಮಗಳು; ಜೀನೋಮ್ ಓದುವವಳು.
ಉಣ್ಣೆಡೇರೆಯಲ್ಲಿ ಒಲೆಯ ಪಕ್ಕ ಕೂತು, ಉಪ್ಪು ಚಹಾ ಆರಲು ಬಿಟ್ಟು,
ಸಾವಿನ ಸುದ್ದಿ ತಂದವರ ಹಾಗೆ ಸುತ್ತಿ ಬಳಸಿ ಹೇಳಿದಳು:

ಬೊತಾಯಿ ಅಂತ ಒಂದೂರಿತ್ತು ಮಾವ, ಕಜಕರ ಬಯಲಲ್ಲಿ,
ಐದೂವರೆ ಸಾವಿರ ವರ್ಷದ ಹಿಂದೆ.
ಗುಂಡಿ ಗುಂಡಿ ಕುದುರೆ ಮೂಳೆ. ಗೂಟ ನೆಟ್ಟ ಕುಳಿ.
ಕಡಿವಾಣಕ್ಕೆ ಸವೆದಂತಿರುವ ಹಲ್ಲು.
ಮಡಕೆಯ ಚೂರಿನಲ್ಲಿ ಹಾಲಿನ ಜಿಡ್ಡು.
ಆ ಮೂಳೆ ಅರೆದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು.
ನಾವು ಏರುವ ಕುದುರೆಯ ಹಿರೀಕರು ಸಿಗುತ್ತಾರೆ ಅಂದುಕೊಂಡಿದ್ದರು.
ಸಿಕ್ಕಿದ್ದು ನಿಮ್ಮ ತಖಿ.

ಒಲೆಗೆ ಬೆರಣಿ ಹಾಕಿದೆ. ಮತ್ತೇನೂ ಹೊಳೆಯಲಿಲ್ಲ.

ಅಂದರೆ ಇವೂ ಹಾಲು ಕರೆಸಿಕೊಂಡವೇ?
ಇರಬಹುದು. ಎಲ್ಲರೂ ಒಪ್ಪುವುದಿಲ್ಲ,
ಹಲ್ಲು ಸವೆದದ್ದು ತಾನಾಗಿ, ಅದು ಬರೀ ಬೇಟೆಯ ಮೂಳೆ ಅನ್ನುವವರಿದ್ದಾರೆ.
ಜಗಳ ಇನ್ನೂ ನಡೆದಿದೆ.
ಹೊರಗೆ ಕಟ್ಟಿದ ನನ್ನ ಕಂದು?
(ಕುದುರೆಗೆ ಹೆಸರಿಡುವುದಿಲ್ಲ ನಾವು, ಬಣ್ಣ ಹಿಡಿದು ಕರೆಯುತ್ತೇವೆ.)
ಅದರ ಬೇರು ಬೇರೆ, ವೋಲ್ಗಾದ ಕಡೆಯದು.
ಅದಕ್ಕೆ ಅರವತ್ತನಾಲ್ಕು ಎಳೆ, ಇವಕ್ಕೆ ಅರವತ್ತಾರು.

ಎರಡು ಎಳೆ. ಒಂದು ಗಂಟು ಹಾಕುವುದಕ್ಕೂ ಸಾಲದು.

ಹೊರಟವಳು ಬಾಗಿಲಲ್ಲಿ ನಿಂತು ಇನ್ನೊಂದು ಹೇಳಿದಳು,
ಮುಖ್ಯವಲ್ಲವೆಂಬಂತೆ:
ಬೊತಾಯಿಯ ಕೆಲವಕ್ಕೆ ಚುಕ್ಕೆಯಿತ್ತು ಮಾವ,
ಚಿರತೆಯ ಹಾಗೆ, ಬಿಳಿ ಮೈಗೆ ಮಸಿ ಚೆಲ್ಲಿದ ಹಾಗೆ.
ಯಾರಿಗೋ ಚಂದ ಕಂಡಿರಬೇಕು.
ತಾಯಿಯಿಂದಲೂ ತಂದೆಯಿಂದಲೂ ಅದನ್ನು ಪಡೆದ ಮರಿಗೆ
ಕತ್ತಲಾದರೆ ಕಣ್ಣು ಕಾಣದು.
ಈಗ ಇವುಗಳಲ್ಲಿ ಆ ಚುಕ್ಕೆ ಇಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಬೇಲಿ ಇತ್ತು; ಬೆಂಕಿ ಇತ್ತು; ನಾಯಿ ಇತ್ತು.
ಚುಕ್ಕೆಯ ಮರಿಯ ಕುತ್ತಿಗೆ ತಬ್ಬಿ ಒಬ್ಬ ಹುಡುಗ ಮಲಗಿದ್ದ.
ಆಮೇಲೆ ಊರು ಹಾಳಾಯಿತು, ಬೇಲಿ ಮುರಿಯಿತು.
ಹಗಲಲ್ಲಿ ಎಲ್ಲ ಒಂದೇ ಮಂದೆ.
ಸಂಜೆ ಕಪ್ಪಿಟ್ಟ ಮೇಲೆ
ಕೆಲವು ಮಾತ್ರ ನಿಂತಲ್ಲೇ ನಿಂತವು,
ಕಿವಿ ಎತ್ತಿ, ಯಾರೋ ಬಂದು ಕರೆದೊಯ್ಯುತ್ತಾರೆಂದು.
ತೋಳ ಬಂತು.
ಎಷ್ಟು ಸಾವಿರ ಸಂಜೆ ಬೇಕಾಯಿತೋ
ನಾವು ಮುದ್ದಿಸಿದ್ದನ್ನೆಲ್ಲ ನೆಕ್ಕಿ ತೆಗೆಯಲು.

ಎದ್ದೆ. ಕಂದುವನ್ನೇರಿ ಕಣಿವೆಗಿಳಿದೆ. ಚಂದ್ರನಿರಲಿಲ್ಲ.
ನೀರಿನ ಬಳಿ ಅವುಗಳ ಉಸಿರು.
ಅಜ್ಜಿ ಹೆಣ್ಣುಕುದುರೆಯ ಹಾಲು ಕರೆಯುವಾಗ ಕೂಗುತ್ತಿದ್ದಂತೆ
ಮೆಲ್ಲಗೆ, ನಾಚಿಕೆಯಿಂದ, ಕೂಗಿದೆ:
ಗುರೀ, ಗುರೀ, ಗುರೀ.
ಒಂದೂ ಹತ್ತಿರ ಬರಲಿಲ್ಲ.
ನನ್ನ ಕೆಳಗಿನ ಕಂದು ಮಾತ್ರ ಕಿವಿ ನಿಮಿರಿಸಿತು.
ಅವು ಸಾಲಾಗಿ ಗುಡ್ಡ ಹತ್ತಿದವು, ಕಲ್ಲಿನ ಮೇಲೆ ಗೊರಸು ಗೊರಸು,
ಒಂದೂ ಎಡವಲಿಲ್ಲ.
ಎಡವಿದ್ದು ನಾವು, ಮಾರ್ಮಟ್ ತೋಡಿದ ಬಿಲಕ್ಕೆ.
ಟಾರ್ಚು ಬಿದ್ದು ಆರಿತು.

ಬೆಳಿಗ್ಗೆ ಜೀಪು ಬಂತು. ಕೊರಿಯಾದವರು, ಆರು ಜನ.
ನೋಡಿ, ತಖಿ, ಅಂದೆ.
ಬೆನ್ನಿನ ಮಾತಿಗೆ ಬಂದಾಗ ಬಾಯಿ ಕಟ್ಟಿತು.
ಯಾರು ಕೂತಿದ್ದರೂ, ಅಂದೆ,
ಇಳಿದು ಬಹಳ ದಿನವಾಯಿತು.