ಮೂವತ್ತು ಬಾಲ

ಹೊತ್ತು ಮೂಡೋ ಮುಂಚೆ ಚೌಕಿ ಮುಂದ ಸಾಲು ನಿಲ್ತೀವಿ,
ಕೈಯಾಗ ಚೀಲ. ಸಾಹೇಬ ಮುಟ್ಟೂದಿಲ್ಲ,
ಪೆನ್ಸಿಲ್ ತುದೀಲೆ ಎಣಿಸ್ತಾನ.
ಮೂವತ್ತು ಬಾಲ ಇದ್ರ ಒಂದು ಹಾಜರಿ.
ಇಪ್ಪತ್ತೊಂಬತ್ತು ಇದ್ರ
ಆ ರಾತ್ರಿ ನಾನು ಹುಟ್ಟೇ ಇರಲಿಲ್ಲ.

ಒಂದು ಕೈಯಾಗ ಬ್ಯಾಟರಿ, ಇನ್ನೊಂದ್ರಾಗ ಬಡಿಗಿ,
ಮಸ್ಜಿದ್ ಬಂದರದ ಕಾಳಿನ ಗೋದಾಮಿನ ಹಿಂದ
ಹನ್ನೆರಡು ವರ್ಷ.
ಕಣ್ಣಿಗೆ ಬೆಳಕು ಬಿದ್ರ ಇಲಿ ಒಂದು ಗಳಿಗಿ ನಿಲ್ತದ.
ಆ ಗಳಿಗೀನೇ ನನ್ನ ಪಗಾರ.

ಕಾಂದಾ ಸಿಕ್ಕಿದ್ದು ಅಲ್ಲೇ,
ಉಳ್ಳಾಗಡ್ಡಿ ಚೀಲದ ಸಂದಿನಾಗ, ಅದೇ ಬಣ್ಣದ ಕುನ್ನಿ.
ಇಲಿ ಹಿಡೀಲಿಕ್ಕೆ ಒಂದು ದಿನಾನೂ ಬರಲಿಲ್ಲ ಅದಕ್ಕ.
ನನ್ನ ಬೆಳಕಿನ ಹಿಂದ ಹಿಂದ ಬರ್ತಿತ್ತು,
ಕೆಲಸ ಕಲಿಯವರ ಹಂಗ.

ಆಷಾಢದಾಗ ಗಟಾರ, ರಸ್ತೆ ಒಂದಾದ ರಾತ್ರಿ
ಮೊಣಕಾಲುಮಟ ನೀರಾಗ ನಿಂತಿದ್ವಿ.
ಮರುದಿನ ವಾರ್ಡಿನವರು ಗುಳಿಗಿ ಹಂಚಿದ್ರು:
ನುಂಗ್ರಿ, ಈ ನೀರಾಗ ಇಲಿ ಉಚ್ಚಿ ಕೂಡಿರ್ತದ.
ಗಮ್‌ಬೂಟೂ ಕೊಡ್ತೀವಿ ಅಂದ್ರು. ಇನ್ನೂ ಬಂದಿಲ್ಲ.
ನಾನು ನುಂಗಿದೆ.
ಕಾಂದಾ ಅದೇ ನೀರು ನೆಕ್ಕಿ ಕುಡಿದಿತ್ತು,
ಅದರ ಹೆಸರು ಯಾವ ಮಸ್ಟರಿನಾಗೂ ಇಲ್ಲ.

ಒಂಬತ್ತನೇ ದಿನ ಹಿಂಗಾಲು ಬಿಗಿದು ಮೆಟ್ಟಿಲು ಏರಲಿಲ್ಲ.
ಜಗದೇವಿ ಹಾಲಾಗ ರೊಟ್ಟಿ ಮುರಿದು ಇಟ್ಟಳು. ಮೂಸಲಿಲ್ಲ.
ನೀರು ಕುಡೀತು, ಕಾರಿತು, ಮತ್ತ ಕುಡೀತು.
ಏನರ ತಿಂದಿರಬೇಕು ಬಿಡು ಅಂದೆ ನಾನು,
ಎರಡು ದಿನ ಹಂಗೇ ಅಂದೆ.
ಮೂರನೇ ಸಂಜಿಗೆ ಬ್ಯಾಟರಿ ಹಿಡಿದು ಕಣ್ಣು ನೋಡಿದೆ,
ಇಲಿ ಕಣ್ಣಿಗೆ ಹಿಡಿಯೋ ಅದೇ ಬ್ಯಾಟರಿ.
ಬೆಳ್ಳಗಿರಬೇಕಾದಲ್ಲಿ ಅರಿಷಿಣ.

ಚೀಲದಾಗ ಹೊತ್ತು ವಡಾಳಾದ ದವಾಖಾನಿಗೆ ಓಡಿದೆ.
ತಾಮ್ಹಣೆ ಡಾಕ್ಟರಬಾಯಿ ರಕ್ತ ತಗೊಂಡು ಸಲಾಯಿನ್ ಹಚ್ಚಿದ್ರು.
ಕಿಸೆದಾಗ ಉಳಿದಿದ್ದ ನನ್ನ ಗುಳಿಗಿ ತೋರಿಸಿದೆ,
ಅರ್ಧ ಕೊಟ್ರ ನಡೀತದೇನ್ರಿ?
ಮರಾಠಿಯಾಗ ಬೈದ್ರು. ಅಂದಾಜಿನ ಔಷಧ ಔಷಧ ಅಲ್ಲ,
ಕಾರೋ ಹೊಟ್ಟಿಗೆ ಮೊದಲು ಸೂಜಿ, ಗುಳಿಗಿ ಆಮ್ಯಾಲ.
ಎರಡು ದಿನ ಮುಂಚೆ ಯಾಕ ತರಲಿಲ್ಲ?
ಆಮ್ಯಾಲ ನನ್ನ ಅಂಗೈ ಹಿಡಿದು ತಿರುವಿದ್ರು.
ತಂತಿ ಕೊಯ್ದ ಗಾಯ.
ಈ ಕೈಲೇ ಅದರ ಉಚ್ಚಿ ಒರೆಸಿದ್ಯಾ?

ಒರೆಸಿದ್ದೆ.
ಹನ್ನೆರಡು ವರ್ಷ ಇಲಿ ಕೊಂದವನಿಗೆ
ಇಲಿ ಹ್ಯಾಂಗ ಕೊಲ್ತದ ಅಂತ ಅವತ್ತು ತಿಳೀತು.
ಹಲ್ಲೇ ಬೇಕಾಗಿಲ್ಲ ಅದಕ್ಕ.

ಜಗದೇವಿ ಭಿಶಿ ರೊಕ್ಕ ಮುರಿದು ತಂದಳು, ಮಾತಾಡಲಿಲ್ಲ.
ನಾನು ಮುಂಜಾನೆ ಮೂವತ್ತು ಬಾಲ ಒಪ್ಪಿಸಿ
ಸೀದಾ ದವಾಖಾನಿಗೆ. ಅಲ್ಲಿ ಒಂದೇ ಬಾಲ,
ಅಲುಗಾಡ್ತದೇನು ಅಂತ ಕೂತು ನೋಡೋದು.
ಐದನೇ ದಿನ ತುದಿ ಒಂದೀಟು ಎದ್ದಿತು.
ನೊಣ ಕೂತಿರಬೇಕು ಅಂದಳು ಜಗದೇವಿ.
ನೊಣ ಇರಲಿಲ್ಲ.

ಮನಿಗೆ ಬಂದ ಮ್ಯಾಲ ಬೇರೇನೇ ಸಂಸಾರ.
ಎರಡು ವಾರ ಚಪಾತಿಯಾಗ ಸುತ್ತಿದ ಗುಳಿಗಿ,
ಅದಕ್ಕಂತ ಒಂದು ಮೂಲಿ, ರಬ್ಬರ್ ಕೈಚೀಲ,
ಉಚ್ಚಿ ಹೊಯ್ದಲ್ಲಿ ಬ್ಲೀಚಿಂಗ್ ನೀರು, ಆಮ್ಯಾಲ ಬಿಸಿಲು,
ಬಂದಾಗ.
ಪಕ್ಕದ ಖೋಲಿಯ ಘಾಟಗೆ, ಶಿವಡಿ ಖಾಡಿಗೆ ಬಿಟ್ಟು ಬಾ ಅಂದ.
ಅವನ ಮಗಳೇ ಬಾಗಲಾಗ ನಿಂತು
ಮುಟ್ಟೂದಿಲ್ಲ, ನೋಡ್ತೀನಿ ಅಷ್ಟೇ ಅಂತಿದ್ಲು.

ಲಸಿಕಿ ಎರಡು, ನಡುವ ಮೂರು ವಾರ,
ಮುಂದ ವರ್ಷಕ್ಕೊಮ್ಮೆ, ಮೃಗದ ಮಳಿಗಿಂತ ಮೊದಲು.
ಚೀಟಿ ರೇಷನ್ ಕಾರ್ಡಿನ ಡಬ್ಬ್ಯಾಗ ಇಟ್ಟೀವಿ.
ಕಾಂದಾಗ ಈಗ ಒಂದು ಕಾಗದ ಅದ.

ರಾತ್ರಿ ಅದನ್ನ ಕಟ್ಟಿ ಹೋಗ್ತೀನಿ,
ಗಲ್ಲಿ ತಿರುವೋತನಕ ಕುಂಯ್‌ಗುಡೋದು ಕೇಳ್ತದ.
ಗಮ್‌ಬೂಟ್ ನಾನೇ ಕೊಂಡೆ, ಒಂದು ಸೈಜು ದೊಡ್ಡವು.
ಕಾಲು ಒಂದು ಹೆಜ್ಜಿ ಇಟ್ರ ಬೂಟು ಎರಡು ಇಡ್ತಾವ,
ಆ ಸಪ್ಪಳಕ್ಕ ಇಲಿ ನಿಲ್ಲೂದಿಲ್ಲ.
ನಿನ್ನೆ ಇಪ್ಪತ್ತೆಂಟು.